ಮೊದಲು ಘಟ್ಟ, ಆಮೇಲೆ ಬೆಟ್ಟ: ಅಮೆರಿಕದ ಪಶ್ಚಿಮದಲ್ಲಿ ಸ್ಕೀ ಪ್ರವಾಸಕ್ಕೆ ಕಾರು ಹತ್ತುವ ಮುನ್ನ

ಸೆಪ್ಟೆಂಬರಿನ ಒಂದು ಭಾನುವಾರ ಡಲ್ಲಾಸ್‌ನಲ್ಲಿರುವ ಚಿಕ್ಕಪ್ಪನ ಮಗ ಫೋನ್ ಮಾಡಿದ. ಫೆಬ್ರವರಿಯಲ್ಲಿ ಒಂಬತ್ತು ದಿನ ರಜೆ, ನಾಲ್ಕು ಜನ, ಒಂದು ಬಾಡಿಗೆ ಕಾರು, ಐದು ಸ್ಕೀ ರೆಸಾರ್ಟು. ಸಾಲ್ಟ್ ಲೇಕ್ ಸಿಟಿಯಲ್ಲಿ ವಿಮಾನ ಇಳಿದು ಯೂಟಾದ ಬೆಟ್ಟಗಳಲ್ಲಿ ಶುರು ಮಾಡುವುದು, ಅಲ್ಲಿಂದ ವಯೋಮಿಂಗಿನ ಜಾಕ್ಸನ್ ಹೋಲ್, ಆಮೇಲೆ ಯೆಲ್ಲೋಸ್ಟೋನ್ ಉದ್ಯಾನದ ನಡುವಿನಿಂದ ನೇರ ಉತ್ತರಕ್ಕೆ ಮೊಂಟಾನಾದ ಬಿಗ್ ಸ್ಕೈ. "ಬೆಳಗ್ಗೆ ಜಾಕ್ಸನ್ ಬಿಟ್ಟರೆ ಮಧ್ಯಾಹ್ನ ಊಟದ ಹೊತ್ತಿಗೆ ಬಿಗ್ ಸ್ಕೈ ಸೇರಬಹುದು ಅಣ್ಣಾ, ನಕ್ಷೆಯಲ್ಲೇ ಇದೆ" ಎಂದ.

ನಕ್ಷೆಯಲ್ಲಿ ಇದ್ದದ್ದು ನಿಜ. ಅವನು ನೋಡಿದ್ದು ಸೆಪ್ಟೆಂಬರಿನ ನಕ್ಷೆ. ನವೆಂಬರ್ ಮೊದಲ ವಾರದಿಂದ ಏಪ್ರಿಲ್ ನಡುವಿನ ತನಕ ಯೆಲ್ಲೋಸ್ಟೋನ್ ಒಳಗಿನ ರಸ್ತೆಗಳು ಕಾರುಗಳಿಗೆ ಮುಚ್ಚಿರುತ್ತವೆ. ಉತ್ತರ ಅಂಚಿನಲ್ಲಿ ಗಾರ್ಡಿನರ್ ಊರಿನಿಂದ ಕುಕ್ ಸಿಟಿಗೆ ಹೋಗುವ ಒಂದೇ ರಸ್ತೆ ವರ್ಷವಿಡೀ ತೆರೆದಿರುತ್ತದೆ. ಉಳಿದೆಡೆ ಹಿಮದ ಮೇಲೆ ಓಡುವ ವಿಶೇಷ ವಾಹನಗಳಿಗಷ್ಟೇ ಪ್ರವೇಶ. ಫೆಬ್ರವರಿಯಲ್ಲಿ ಜಾಕ್ಸನ್‌ನಿಂದ ಬಿಗ್ ಸ್ಕೈಗೆ ಹೋಗಬೇಕಾದರೆ ಪಶ್ಚಿಮಕ್ಕೆ ಟೀಟನ್ ಘಟ್ಟ ಹತ್ತಿ, ಇಡಾಹೊ ರಾಜ್ಯಕ್ಕೆ ಇಳಿದು, ಉದ್ಯಾನವನ್ನು ಸುತ್ತು ಹಾಕಿ, ವೆಸ್ಟ್ ಯೆಲ್ಲೋಸ್ಟೋನ್ ಎಂಬ ಊರಿನ ಮೂಲಕ ಮೇಲೇರಬೇಕು. ಆ ದಾರಿಯ ಮೊದಲ ಮೆಟ್ಟಿಲಾದ ಟೀಟನ್ ಘಟ್ಟವೇ ಹಿಮಕುಸಿತದ ಭಯದಿಂದ ಆಗಾಗ ಬಾಗಿಲು ಹಾಕುತ್ತದೆ.

ಚಳಿಗಾಲಕ್ಕೆ ಕಾಣೆಯಾಗುವ ಇಂಥ ರಸ್ತೆಗಳು ಪಶ್ಚಿಮದಲ್ಲಿ ಹಲವಿವೆ. ಕೊಲರಾಡೊದಲ್ಲಿ ಆಸ್ಪೆನ್ ಊರಿಗೆ ಪೂರ್ವದಿಂದ ಇಳಿಯುವ ಇಂಡಿಪೆಂಡೆನ್ಸ್ ಘಟ್ಟ ಮುಚ್ಚಿರುತ್ತದೆ, ಗ್ಲೆನ್‌ವುಡ್ ಸ್ಪ್ರಿಂಗ್ಸ್ ಸುತ್ತಿಕೊಂಡೇ ಹೋಗಬೇಕು. ಕ್ಯಾಲಿಫೋರ್ನಿಯಾದಲ್ಲಿ ಯೊಸೆಮಿಟಿ ದಾಟಿ ಮ್ಯಾಮತ್ ಎಂಬ ಸ್ಕೀ ಊರಿಗೆ ತಲುಪಿಸುವ ಟಯೋಗ ಘಟ್ಟವೂ ಹಾಗೆಯೇ. ನಮ್ಮ ಯೂಟಾದಲ್ಲಿ ಪಾರ್ಕ್ ಸಿಟಿ, ಬ್ರೈಟನ್ ಎಂಬ ಎರಡು ಸ್ಕೀ ತಾಣಗಳು ಒಂದೇ ಬೆಟ್ಟಸಾಲಿನ ಎರಡು ಮಗ್ಗುಲುಗಳು. ಬೇಸಿಗೆಯಲ್ಲಿ ಗಾರ್ಡ್ಸ್‌ಮನ್ ಘಟ್ಟ ದಾಟಿದರೆ ಪಕ್ಕದ ಮನೆ. ಚಳಿಗಾಲದಲ್ಲಿ ಒಂದರಿಂದ ಕೆಳಗಿಳಿದು, ನಗರದ ಅಂಚನ್ನು ಬಳಸಿ, ಇನ್ನೊಂದು ಕಣಿವೆ ಹತ್ತಬೇಕು.

ಮಳೆಗಾಲದಲ್ಲಿ ಶಿರಾಡಿ ಘಾಟಿ ಮುಚ್ಚಿ, ಚಾರ್ಮಾಡಿಯ ಕಡೆ ಬಸ್ಸು ತಿರುಗಿದ್ದನ್ನು ಕಂಡವರಿಗೆ ಇದು ಹೊಸ ವಿದ್ಯೆಯಲ್ಲ. ಮಂಗಳೂರಿಗೆ ಜುಲೈಯಲ್ಲಿ ಹೊರಡುವವರು ಘಾಟಿ ತೆರೆದಿದೆಯೇ ಎಂದು ಕೇಳಿಕೊಂಡೇ ಹೊರಡುತ್ತಾರೆ. ಅದೇ ಜನ ಇಲ್ಲಿಗೆ ಬಂದಾಗ ಅಗಲವಾದ ಹೆದ್ದಾರಿ, ಬೆಚ್ಚಗಿನ ಕಾರು ಕಂಡು ಆ ಪ್ರಶ್ನೆಯನ್ನು ಮರೆತುಬಿಡುತ್ತಾರೆ. ಸಾಲ್ಟ್ ಲೇಕ್ ಕಣಿವೆಯಲ್ಲಿ ಇಷ್ಟು ಚಳಿಗಾಲ ಕಳೆದ ಮೇಲೆ ನೆಂಟರಿಗೂ ಸ್ನೇಹಿತರಿಗೂ ನಾನು ಮೊದಲು ಹೇಳುವ ಮಾತು ಒಂದೇ: ಬೆಟ್ಟವನ್ನು ಆರಿಸಿ ರಸ್ತೆ ಹುಡುಕಬೇಡಿ, ಘಟ್ಟಗಳನ್ನು ನೋಡಿ ದಿನ ಹಂಚಿ. ಯಾವ ಪಾಸ್ ಕೊಳ್ಳಬೇಕು, ಎಲ್ಲಿ ಮಲಗಬೇಕು, ಯಾವ ಕಾರು ಬೇಕು ಎಂಬುದೆಲ್ಲ ಅದರ ಹಿಂದೆಯೇ ಬರುತ್ತದೆ.

ಹಿಮ ಬೀಳುವುದೂ ರಸ್ತೆ ಮುಚ್ಚುವುದೂ ಒಂದೇ ಕಾರಣಕ್ಕೆ

ಆಗುಂಬೆಯಲ್ಲಿ ಅಷ್ಟು ಮಳೆ ಸುರಿಯುವುದಕ್ಕೂ ಯೂಟಾದ ಸ್ಕೀ ತಾಣ ಆಲ್ಟಾದಲ್ಲಿ ಅಷ್ಟು ಹಿಮ ಬೀಳುವುದಕ್ಕೂ ಭೌತಶಾಸ್ತ್ರ ಒಂದೇ. ಸಮುದ್ರದಿಂದ ಬಂದ ತೇವದ ಗಾಳಿಗೆ ಬೆಟ್ಟ ಅಡ್ಡ ನಿಲ್ಲುತ್ತದೆ, ಗಾಳಿ ಮೇಲೇರಿ ತಣ್ಣಗಾಗುತ್ತದೆ, ಹೊತ್ತು ತಂದದ್ದನ್ನು ಅಲ್ಲೇ ಚೆಲ್ಲುತ್ತದೆ. ಪೆಸಿಫಿಕ್ ಸಾಗರದಿಂದ ಹೊರಟ ಗಾಳಿ ಮೊದಲು ಕ್ಯಾಲಿಫೋರ್ನಿಯಾದ ಸಿಯೆರಾ ಸಾಲಿಗೆ ಬಡಿದು ಒದ್ದೆಯಾದ ಭಾರದ ಹಿಮ ಕೊಡುತ್ತದೆ. ಅದನ್ನು ಸ್ಕೀ ಮಾಡುವವರು 'ಸಿಯೆರಾ ಸಿಮೆಂಟ್' ಎಂದೇ ಕರೆಯುತ್ತಾರೆ. ಅಲ್ಲಿಂದ ನೆವಾಡಾದ ಒಣನೆಲ ದಾಟಿ ಬರುವಷ್ಟರಲ್ಲಿ ಗಾಳಿ ಒಣಗಿ, ಚಳಿ ಏರಿರುತ್ತದೆ. ಯೂಟಾದ ವಾಸ್ಯಾಚ್ ಬೆಟ್ಟಗಳ ಮೇಲೆ ಬೀಳುವ ಹಿಮ ಹಗುರ, ಅಂಗೈಯಲ್ಲಿಟ್ಟು ಊದಿದರೆ ಹಾರಿಹೋಗುತ್ತದೆ. ಜನ ಲೋಕದ ಎಲ್ಲ ಮೂಲೆಗಳಿಂದ ಇಲ್ಲಿಗೆ ಬರುವುದು ಆ ಹಿಮಕ್ಕಾಗಿ.

ಆಲ್ಟಾದಲ್ಲಿ ಸಾಧಾರಣ ವರ್ಷಕ್ಕೆ 500 ಅಂಗುಲಕ್ಕೂ ಹೆಚ್ಚು, ಎಂದರೆ 12 ಮೀಟರ್ ಮೀರಿ ಹಿಮ ಬೀಳುತ್ತದೆ. 2022–23ರಲ್ಲಿ 903 ಅಂಗುಲ ಬಿತ್ತು, ಸುಮಾರು 23 ಮೀಟರ್. ಆ ಹಿಮವೆಲ್ಲ ಬೀಳುವ ಕಣಿವೆಯ ಹೆಸರು ಲಿಟಲ್ ಕಾಟನ್‌ವುಡ್. ಆಲ್ಟಾ ಮತ್ತು ಸ್ನೋಬರ್ಡ್ ಎರಡಕ್ಕೂ ಹೋಗುವುದು ಅಲ್ಲಿನ ಒಂದೇ ರಸ್ತೆ, ರಾಜ್ಯ ಹೆದ್ದಾರಿ 210. ಎರಡೂ ಬದಿಗೆ ಗೋಡೆಯಂಥ ಬೆಟ್ಟ, ಆ ಗೋಡೆಗಳಿಂದ ರಸ್ತೆಯ ಕಡೆಗೆ ಹಿಮ ಜಾರಿಬರುವ 60ಕ್ಕೂ ಹೆಚ್ಚು ಜಾಡುಗಳು. ಬಿರುಗಾಳಿ ಹಾಯ್ದುಹೋದ ಬೆಳಗ್ಗೆ ರಸ್ತೆಯನ್ನು ಮುಚ್ಚಿ, ಸ್ಫೋಟ ಮಾಡಿ, ತೂಗಾಡುತ್ತಿರುವ ಹಿಮವನ್ನು ಬೇಕೆಂದೇ ಕೆಡವುತ್ತಾರೆ. ದಶಕಗಳ ಕಾಲ ಈ ಕೆಲಸಕ್ಕೆ ಸೇನೆಯ ಫಿರಂಗಿಗಳನ್ನೇ ಬಳಸಿದರು.

ಆ ಹೊತ್ತಿನಲ್ಲಿ ಮೇಲಿನ ಊರಿನಲ್ಲಿದ್ದವರಿಗೆ ಅನ್ವಯವಾಗುವ ನಿಯಮಕ್ಕೆ 'ಇಂಟರ್‌ಲಾಜ್' ಎಂದು ಹೆಸರು. ಹೋಟೆಲಿನ ಬಾಗಿಲಿನಿಂದಾಚೆ ಕಾಲಿಡುವಂತಿಲ್ಲ. ಕಾರಿನಲ್ಲಿ ಮರೆತ ಚಾರ್ಜರ್ ತರಲೂ ಹೋಗುವಂತಿಲ್ಲ, ಅದು ಕಾನೂನು. 2021ರ ಫೆಬ್ರವರಿಯಲ್ಲಿ ಇದು ಸುಮಾರು 60 ಗಂಟೆ ನಡೆಯಿತು. ನಾನೊಮ್ಮೆ ಅರ್ಧ ದಿನ ಹಾಗೆ ಒಳಗಿದ್ದೆ. ಬೆಳಗಿನ ಜಾವ ದೂರದಲ್ಲಿ ಗುಡುಗಿನಂಥ ಸದ್ದು, ಕಿಟಕಿಯ ಗಾಜು ಸಣ್ಣಗೆ ನಡುಗುವುದು, ಅದಾದ ಮೇಲೆ ಮತ್ತೆ ನಿಶ್ಶಬ್ದ. ಹೊರಗೆ ಕಾರುಗಳಿದ್ದ ಜಾಗದಲ್ಲಿ ಉರುಟಾದ ಬಿಳಿ ದಿಬ್ಬಗಳ ಸಾಲು. ನನ್ನ ಕಾರು ಯಾವುದು ಎಂದು ಗುರುತಿಸಲು ವೈಪರ್ ಎತ್ತಿಟ್ಟಿದ್ದೊಂದೇ ಸುಳಿವು. ಅಂದು ಸಂಜೆ ಊರಿಗೆ ಹಾರಬೇಕಿದ್ದ ಒಂದು ಕುಟುಂಬ ನನ್ನ ಪಕ್ಕದ ಮೇಜಿನಲ್ಲಿ ಕುಳಿತಿತ್ತು. ವಿಮಾನ ನಿಲ್ದಾಣಕ್ಕೆ 55 ಕಿಲೋಮೀಟರ್ ಕೂಡ ಇಲ್ಲ, ಒಳ್ಳೆಯ ದಿನವಾದರೆ 50 ನಿಮಿಷದ ದಾರಿ. ಅವರು ವಿಮಾನ ತಪ್ಪಿಸಿಕೊಂಡರು.

ಇದರಿಂದ ಹುಟ್ಟುವ ನಿಯಮವನ್ನು ಎಲ್ಲಿಯ ಪ್ರವಾಸಕ್ಕೂ ಬಳಸಬಹುದು. ಮುಚ್ಚುವ ಸಂಭವ ಹೆಚ್ಚಿರುವ ರಸ್ತೆಯ ಮೇಲ್ತುದಿಯಲ್ಲಿ ಪ್ರವಾಸದ ಕೊನೆಯ ರಾತ್ರಿ ಕಳೆಯಬೇಡಿ. ಅದು ಮೊದಲ ಅಥವಾ ನಡುವಿನ ರಾತ್ರಿಯಾಗಲಿ. ಕೊನೆಯ ರಾತ್ರಿ ವಿಮಾನ ನಿಲ್ದಾಣದ ಮಗ್ಗುಲಿನಲ್ಲೇ ಮಲಗಿ.

ಪಾಸ್ ಎಂಬ ಲೆಕ್ಕ

ಹೊಸಬರಿಗೆ ಮೊದಲ ಆಘಾತ ಟಿಕೆಟ್ಟಿನ ಬೆಲೆ. ದೊಡ್ಡ ರೆಸಾರ್ಟುಗಳಲ್ಲಿ ಅಂದೇ ಹೋಗಿ ಕಿಟಕಿಯಲ್ಲಿ ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿಗೆ ಒಂದು ದಿನದ ಟಿಕೆಟ್ ಕೇಳಿದರೆ 200 ಡಾಲರ್ ದಾಟುತ್ತದೆ. ಕೊಲರಾಡೊದ ವೇಲ್‌ನಂಥ ಕಡೆ ಜನಜಂಗುಳಿಯ ದಿನಗಳಲ್ಲಿ 300 ಮೀರಿದೆ. ಇಷ್ಟು ದುಬಾರಿ ಏಕೆ ಎಂಬುದನ್ನು ಅರ್ಥ ಮಾಡಿಕೊಂಡರೆ ಅರ್ಧ ಯೋಜನೆ ಮುಗಿದಂತೆ.

ಸ್ಕೀ ಬೆಟ್ಟ ನಡೆಸುವವರದು ಒಣಬೇಸಾಯದ ರೈತನ ಪಾಡು. ಮೋಡ ಕೈಕೊಟ್ಟರೆ ವರ್ಷವೇ ಹೋಯಿತು. 2008ರಲ್ಲಿ ವೇಲ್ ರೆಸಾರ್ಟ್ಸ್ ಕಂಪನಿ ಇದಕ್ಕೊಂದು ದಾರಿ ಕಂಡುಕೊಂಡಿತು. ತನ್ನ ಎಲ್ಲ ಬೆಟ್ಟಗಳಿಗೂ ಸಲ್ಲುವ ಎಪಿಕ್ ಪಾಸನ್ನು 579 ಡಾಲರಿಗೆ, ಹಿಮ ಬೀಳುವ ಮೊದಲೇ ಮಾರಿತು. ಹಣ ಮುಂಚೆಯೇ ಬಂದ ಮೇಲೆ ಹಿಮ ಬೀಳಲಿ ಬಿಡಲಿ ಕಂಪನಿ ಉಳಿಯುತ್ತದೆ. ಹವಾಮಾನದ ಜೂಜಿನ ಒಂದು ಪಾಲು ಗ್ರಾಹಕನ ಹೆಗಲಿಗೆ ಬಂತು, ಬದಲಿಗೆ ಅವನಿಗೆ ರಿಯಾಯಿತಿ ಸಿಕ್ಕಿತು. ಹತ್ತು ವರ್ಷದ ನಂತರ ಆಲ್ಟೆರಾ ಕಂಪನಿ ಐಕಾನ್ ಪಾಸ್ ತಂದಿತು. ಕಿಟಕಿಯ ಬೆಲೆ ಏರುತ್ತಲೇ ಇರುವುದು ನಿಮ್ಮನ್ನು ಪಾಸಿನ ಕಡೆಗೆ ತಳ್ಳುವುದಕ್ಕೆ.

ಪಾಸುಗಳು ವಸಂತದಲ್ಲಿ ಅತ್ಯಂತ ಅಗ್ಗ, ಆಮೇಲೆ ಹಂತಹಂತವಾಗಿ ಏರುತ್ತವೆ, ಡಿಸೆಂಬರ್ ಹೊತ್ತಿಗೆ ಮಾರಾಟವೇ ನಿಲ್ಲುತ್ತದೆ. ಪೂರ್ಣ ಪಾಸಿಗೆ ಈಗ ಸಾವಿರ ಡಾಲರಿಗೂ ಮೇಲೆ. ಕಡಿಮೆ ದಿನ ಹೋಗುವವರಿಗೆ ಎಣಿಸಿದ ದಿನಗಳ ಪಾಸುಗಳೂ ಇವೆ: ಎಪಿಕ್‌ನಲ್ಲಿ ಒಂದರಿಂದ ಏಳು ದಿನ, ಐಕಾನ್‌ನಲ್ಲಿ ಎರಡರಿಂದ ನಾಲ್ಕು ದಿನ. ವಾರಪೂರ್ತಿ ಸ್ಕೀ ಮಾಡುವವರಿಗೆ ದೊಡ್ಡದು, ನಾಲ್ಕು ದಿನದವರಿಗೆ ಎಣಿಕೆಯದು. ಅಗ್ಗದ ಪಾಸುಗಳಿಗೆ 'ನಿಷೇಧಿತ ದಿನ'ಗಳಿರುತ್ತವೆ: ಕ್ರಿಸ್ಮಸ್ ವಾರ, ಜನವರಿಯ ಮೂರನೆಯ ಸೋಮವಾರದ ಮಾರ್ಟಿನ್ ಲೂಥರ್ ಕಿಂಗ್ ರಜೆ, ಫೆಬ್ರವರಿಯ ಮೂರನೆಯ ಸೋಮವಾರದ ಅಧ್ಯಕ್ಷರ ದಿನದ ರಜೆ. ಪಾಸ್ ಹೇಗೇ ಇರಲಿ, ಆ ದಿನಗಳಲ್ಲಿ ಹೋಗಲೇಬೇಡಿ. ಲಿಫ್ಟಿನ ಸಾಲಿನಲ್ಲಿ ನಿಂತೇ ರಜೆ ಕರಗುತ್ತದೆ.

ಯಾವ ಕಂಪನಿಯ ಪಾಸ್ ಎಂಬುದನ್ನು ದಾರಿಯೇ ತೀರ್ಮಾನಿಸುತ್ತದೆ. ಚಿಕ್ಕಪ್ಪನ ಮಗನ ದಾರಿಯಲ್ಲಿ ಆಲ್ಟಾ, ಸ್ನೋಬರ್ಡ್, ಬ್ರೈಟನ್, ಸಾಲಿಟ್ಯೂಡ್, ಜಾಕ್ಸನ್ ಹೋಲ್, ಬಿಗ್ ಸ್ಕೈ ಇವೆಲ್ಲ ಐಕಾನ್ ಬಳಗದವು. ಪಾರ್ಕ್ ಸಿಟಿ ಒಂದು ಮಾತ್ರ ಎಪಿಕ್. ಡೆನ್ವರಿನಿಂದ ಹೆದ್ದಾರಿ 70 ಹಿಡಿದು ಕೀಸ್ಟೋನ್, ಬ್ರೆಕನ್‌ರಿಜ್, ವೇಲ್, ಬೀವರ್ ಕ್ರೀಕ್ ಹೋಗುವವರಿಗೆ ಎಪಿಕ್ ಸರಿ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲ ಬೇ ಏರಿಯಾದ ನಮ್ಮವರು ಹೋಗುವ ಟಾಹೋ ಸರೋವರದ ಸುತ್ತ ಎರಡೂ ಇವೆ: ಹೆವೆನ್ಲಿ, ನಾರ್ತ್‌ಸ್ಟಾರ್, ಕರ್ಕ್‌ವುಡ್ ಎಪಿಕ್, ಪ್ಯಾಲಿಸೇಡ್ಸ್ ಐಕಾನ್. ಪಾಸ್ ಸಿಕ್ಕಿತೆಂದು ದಾರಿಯನ್ನು ಎಳೆದಾಡುವವರು ಟಿಕೆಟ್ಟಿನಲ್ಲಿ ಉಳಿಸಿದ್ದನ್ನು ಪೆಟ್ರೋಲಿಗೂ ರಸ್ತೆಯ ಮೇಲೆ ಕಳೆದ ದಿನಕ್ಕೂ ಸುರಿಯುತ್ತಾರೆ.

ದೊಡ್ಡ ಪಾಸುಗಳ ಹೊರಗೆ ಉಳಿದಿರುವ ಸಣ್ಣ ಬೆಟ್ಟಗಳ ಮೇಲೆ ನನಗೆ ತುಂಬಾ ಪ್ರೀತಿ. ಯೂಟಾದ ಲೋಗನ್ ಕಣಿವೆಯಲ್ಲಿ ಬೀವರ್ ಮೌಂಟನ್ ಇದೆ, 1939ರಿಂದ ಒಂದೇ ಕುಟುಂಬ ನಡೆಸುತ್ತಿದೆ. ಬೇರ್ ಸರೋವರದ ಮೇಲಿನಿಂದ ಜಾಕ್ಸನ್‌ಗೆ ಹೋಗುವವರಿಗೆ ಅದು ದಾರಿಯಲ್ಲೇ ಸಿಗುತ್ತದೆ. ಟಿಕೆಟ್ಟಿನ ಬೆಲೆ ಕೇಳಿದರೆ ಹಗುರವಾಗುತ್ತದೆ ಮನಸ್ಸು.

ಮತ್ತೊಂದು ವಿಷಯ ಪಾಸ್ ಕೊಳ್ಳುವ ಮೊದಲೇ ಗೊತ್ತಿರಲಿ. ಆಲ್ಟಾದಲ್ಲೂ ಪಾರ್ಕ್ ಸಿಟಿಯ ಪಕ್ಕದ ಡಿಯರ್ ವ್ಯಾಲಿಯಲ್ಲೂ ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟುವ ಸ್ನೋಬೋರ್ಡಿಗೆ ಪ್ರವೇಶವಿಲ್ಲ, ಸ್ಕೀ ಮಾತ್ರ. ನಾಲ್ವರಲ್ಲಿ ಒಬ್ಬರು ಹಲಗೆಯವರಾಗಿದ್ದರೆ ಆ ದಿನ ಸ್ನೋಬರ್ಡ್ ಅಥವಾ ಬ್ರೈಟನ್ ಆರಿಸಿ.

ಟೈರಿನ ಮುಂದೆ ಮಂಡಿಯೂರಿ

ಕನ್ನಡದಲ್ಲಿ ನಾವು ಇಬ್ಬನಿಗೂ, ಕಾವಳಕ್ಕೂ, ಬೀಳುವ ಹಿಮಕ್ಕೂ 'ಮಂಜು' ಎಂದುಬಿಡುತ್ತೇವೆ. ಬೆಟ್ಟದ ರಸ್ತೆಯಲ್ಲಿ ಸ್ಟಿಯರಿಂಗ್ ಹಿಡಿದವರಿಗೆ ಆ ಒಂದು ಪದ ಸಾಲದು. ಹೊಸದಾಗಿ ಬಿದ್ದ ಸಡಿಲ ಹಿಮ ಬೇರೆ, ವಾಹನಗಳು ತುಳಿದು ಗಟ್ಟಿಯಾದ ಹಿಮ ಬೇರೆ, ಹಗಲು ಕರಗಿ ಸಂಜೆ ಮತ್ತೆ ಹೆಪ್ಪುಗಟ್ಟಿದ ತೆಳು ಗಾಜಿನ ಪದರ ಬೇರೆ. ತುಳಿದ ಹಿಮದ ಮೇಲೆ ನಿಧಾನವಾಗಿ ಹೋದರೆ ಟೈರಿಗೆ ಸಾಕಷ್ಟು ಹಿಡಿತ ಸಿಗುತ್ತದೆ. ಅಪಾಯವಿರುವುದು ಆ ಗಾಜಿನ ಪದರದಲ್ಲಿ. ಅದು ಕಣ್ಣಿಗೆ ಬರೀ ಒದ್ದೆ ಟಾರಿನಂತೆ ಕಾಣುತ್ತದೆ. ಸೇತುವೆಗಳ ಮೇಲೆ ಅದು ಮೊದಲು ಕಟ್ಟುತ್ತದೆ, ಏಕೆಂದರೆ ಅಲ್ಲಿ ಚಳಿಗಾಳಿ ಮೇಲಿನಿಂದಲೂ ಕೆಳಗಿನಿಂದಲೂ ತಾಗುತ್ತದೆ.

ಬಾಡಿಗೆ ಕಾರು ಕಾದಿರಿಸುವಾಗ ಎಲ್ಲರೂ 'ನಾಲ್ಕು ಚಕ್ರಕ್ಕೂ ಎಳೆತವಿರುವ ದೊಡ್ಡ ಗಾಡಿ' ಎಂದು ಒತ್ತಿ ನೆಮ್ಮದಿಯಾಗುತ್ತಾರೆ. ನಾಲ್ಕು ಚಕ್ರದ ಎಳೆತ ಗಾಡಿಯನ್ನು ಮುಂದಕ್ಕೆ ಹೊರಡಿಸುತ್ತದೆ, ಏರು ಹತ್ತಿಸುತ್ತದೆ. ನಿಲ್ಲಿಸುವ ವಿಷಯಕ್ಕೆ ಬಂದರೆ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೂ ಬ್ರೇಕ್ ಇದೆ, ನಿಲ್ಲುವುದು ಬಿಡುವುದು ಟೈರಿನ ರಬ್ಬರಿಗೆ ಬಿಟ್ಟದ್ದು. ಸಾಮಾನ್ಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗತೊಡಗುತ್ತದೆ. ಚಳಿಗಾಲದ ಟೈರಿನದು ಮೃದುವಾಗಿಯೇ ಇದ್ದು ರಸ್ತೆಯನ್ನು ಹಿಡಿಯುತ್ತದೆ. ದುಬಾರಿ ಜೀಪು ಜಾರುತ್ತಾ ಹೋಗಿ ಹಳ್ಳಕ್ಕೆ ಮುಖ ಮಾಡಿ ನಿಂತದ್ದನ್ನೂ, ಅದರ ಪಕ್ಕದಲ್ಲಿ ಹಳೆಯ ಸಣ್ಣ ಕಾರು ನೆಟ್ಟಗೆ ಇಳಿದುಹೋದದ್ದನ್ನೂ ಲಿಟಲ್ ಕಾಟನ್‌ವುಡ್‌ನಲ್ಲಿ ನಾನೇ ಕಂಡಿದ್ದೇನೆ.

ಕೀಲಿ ಕೈಗೆ ಬಂದ ಕೂಡಲೇ ಸಾಮಾನು ತುಂಬಬೇಡಿ. ಟೈರಿನ ಮುಂದೆ ಮಂಡಿಯೂರಿ ಕುಳಿತು ಮೊಬೈಲ್ ಬೆಳಕು ಬಿಡಿ. ಪಕ್ಕದ ಗೋಡೆಯ ಮೇಲೆ, ಗಾತ್ರದ ಅಂಕಿಗಳ ಆಸುಪಾಸಿನಲ್ಲಿ, ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಪುಟ್ಟ ಚಿತ್ರ ಇದೆಯೇ ನೋಡಿ. ಅದಿದ್ದರೆ ಹಿಮದ ಪರೀಕ್ಷೆಯಲ್ಲಿ ಗೆದ್ದ ಟೈರು. ಬರೀ 'ಎಂ' ಮತ್ತು 'ಎಸ್' (ಮಡ್, ಸ್ನೋ, ಎಂದರೆ ಕೆಸರು, ಹಿಮ) ಅಕ್ಷರಗಳಿದ್ದರೆ ಕಾನೂನಿಗೆ ಸಾಕಾಗಬಹುದು, ಧೈರ್ಯಕ್ಕೆ ಸಾಲದು. ಆಮೇಲೆ ಜೇಬಿನಿಂದ 25 ಸೆಂಟಿನ ನಾಣ್ಯ ತೆಗೆದು, ವಾಷಿಂಗ್ಟನ್ ತಲೆ ಕೆಳಗಾಗಿರುವಂತೆ ಟೈರಿನ ಪಟ್ಟಿಗಳ ನಡುವಿನ ತೋಡಿಗೆ ಇಳಿಸಿ. ತಲೆಯ ತುದಿ ಪೂರ್ತಿ ಹೊರಗೆ ಕಂಡರೆ ಟೈರು ಸವೆದಿದೆ, ಬೇರೆ ಕಾರು ಕೇಳಿ. ನನಗೊಮ್ಮೆ ಕೊಟ್ಟ ಗಾಡಿಯ ನಾಲ್ಕು ಟೈರುಗಳಲ್ಲಿ ಎರಡು ನುಣ್ಣಗಾಗಿದ್ದವು. ಹದಿನೈದು ನಿಮಿಷ ವಾದ ಮಾಡಿ ಬದಲಾಯಿಸಿಕೊಂಡೆ, ಆ ಹದಿನೈದು ನಿಮಿಷ ಆ ಪ್ರವಾಸದ ಅತ್ಯಂತ ಬೆಲೆಬಾಳುವ ಹೊತ್ತು ಎಂದು ಇಂದಿಗೂ ನಂಬಿದ್ದೇನೆ.

ಕಾನೂನಿನ ಮಾತೂ ಇದೆ. ಕೊಲರಾಡೊದ ಹೆದ್ದಾರಿ 70ರಲ್ಲಿ ಮಾರಿಸನ್‌ನಿಂದ ಡಾಟ್ಸೆರೊ ತನಕ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ತಕ್ಕ ಟೈರು ಅಥವಾ ಟೈರಿಗೆ ಸುತ್ತುವ ಸರಪಳಿ ಕಾರಿನಲ್ಲಿ ಇರಲೇಬೇಕು, ಟೈರಿನ ತೋಡು ಕನಿಷ್ಠ 4.8 ಮಿಲಿಮೀಟರ್ ಆಳವಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಸರಪಳಿ ನಿಯಂತ್ರಣಕ್ಕೆ ಆರ್1, ಆರ್2, ಆರ್3 ಎಂಬ ಮೂರು ಹಂತಗಳು. ಆರ್3 ಬಂತೆಂದರೆ ಯಾವ ಗಾಡಿಯಾದರೂ ಸರಪಳಿ ಕಟ್ಟಬೇಕು, ಸಾಮಾನ್ಯವಾಗಿ ಅದಕ್ಕೂ ಮೊದಲೇ ರಸ್ತೆ ಮುಚ್ಚಿರುತ್ತದೆ. ಅನೇಕ ಬಾಡಿಗೆ ಕರಾರುಗಳು ಸರಪಳಿ ಕಟ್ಟುವುದನ್ನೇ ನಿಷೇಧಿಸುತ್ತವೆ. ಆದ್ದರಿಂದ ಕರಾರನ್ನು ಮನೆಯಲ್ಲೇ ಓದಿಕೊಂಡು ಹೊರಡಿ.

ಡಿಕ್ಕಿಯಲ್ಲಿ ಸಣ್ಣ ಸಲಿಕೆ, ಎರಡು ಕಂಬಳಿ, ನೀರು, ತಿನ್ನುವುದಕ್ಕೆ ಏನಾದರೂ, ಟಾರ್ಚ್ ಇರಲಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯುವುದು ಬೇಡ. ಗಾಜು ತೊಳೆಯುವ ದ್ರವ ಹೆಪ್ಪುಗಟ್ಟದ ಜಾತಿಯದಾಗಿರಲಿ. ಹಿಮದಲ್ಲಿ ಸಿಕ್ಕಿಕೊಂಡು ಇಂಜಿನ್ ಓಡಿಸಿಕೊಂಡು ಕೂರಬೇಕಾದರೆ ಮೊದಲು ಹೊರಗಿಳಿದು ಹೊಗೆಕೊಳವೆಯ ಸುತ್ತಲ ಹಿಮ ತೆಗೆಯಿರಿ. ಕೊಳವೆ ಮುಚ್ಚಿಹೋದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಕಾರಿನೊಳಗೆ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ಒಂಬತ್ತು ದಿನವನ್ನು ಹಂಚುವುದು

ಚಿಕ್ಕಪ್ಪನ ಮಗನ ಐದು ಬೆಟ್ಟಗಳಲ್ಲಿ ಬಿಗ್ ಸ್ಕೈಯನ್ನು ಮೊದಲು ಕೈಬಿಡಿಸಿದೆ. ಅವನಿಗೆ ಬೇಸರವಾಯಿತು. ಲೆಕ್ಕ ಮುಂದಿಟ್ಟೆ: ಸಾಲ್ಟ್ ಲೇಕ್‌ನಿಂದ ಜಾಕ್ಸನ್‌ಗೆ ಐದು ಗಂಟೆ, ಅಲ್ಲಿಂದ ಇಡಾಹೊ ಸುತ್ತಿ ಬಿಗ್ ಸ್ಕೈಗೆ ನಾಲ್ಕು ಗಂಟೆ, ವಾಪಸು ಸಾಲ್ಟ್ ಲೇಕ್‌ಗೆ ಸುಮಾರು ಆರು ಗಂಟೆ, ಇದೆಲ್ಲ ಒಣರಸ್ತೆಯ ಲೆಕ್ಕ. ಹಿಮ ಬಿದ್ದರೆ ಒಂದೂವರೆ ಪಟ್ಟು. ಫೆಬ್ರವರಿಯಲ್ಲೂ ಸಂಜೆ ಬೇಗ ಕತ್ತಲು ಕವಿಯುತ್ತದೆ, ಆ ಹೊತ್ತಿಗೆ ಬಿಗ್ ಸ್ಕೈ ದಾರಿಯ ಗ್ಯಾಲಟಿನ್ ಕಣಿವೆಯಲ್ಲೂ ಜಾಕ್ಸನ್ ಸುತ್ತಲೂ ಎಲ್ಕ್ ಮತ್ತು ಮೂಸ್ ಜಿಂಕೆಗಳು ರಸ್ತೆಗೆ ಇಳಿಯುತ್ತವೆ. ಕುದುರೆಗಿಂತ ಎತ್ತರದ ಮೂಸ್ ಕಾರಿನ ಗಾಜಿನ ಮಟ್ಟಕ್ಕೇ ಬಡಿಯುತ್ತದೆ. ಹಗಲು ಮಾತ್ರ ಓಡಿಸುವುದೆಂದು ಇಟ್ಟುಕೊಂಡರೆ ಮೂರು ಪೂರ್ತಿ ದಿನ ಬರೀ ಕಾರಿನಲ್ಲಿ ಹೋಗುತ್ತವೆ. ಹನ್ನೆರಡು ದಿನವಿದ್ದರೆ ಬಿಗ್ ಸ್ಕೈ ಸೇರಿಸಿ, ಆಗ ಹಿಂದಿರುಗಲು ಮೊಂಟಾನಾದ ಬೋಜ್‌ಮನ್‌ನಿಂದ ವಿಮಾನ ಹಿಡಿಯಿರಿ. ಕಾರನ್ನು ಬೇರೆ ಊರಿನಲ್ಲಿ ಬಿಡಲು ಹೆಚ್ಚು ಹಣ ಕೇಳುತ್ತಾರೆ, ಕೊಟ್ಟರೂ ಒಂದು ದಿನ ಉಳಿಯುತ್ತದೆ.

ಕೊನೆಗೆ ನಿಂತ ಯೋಜನೆ ಹೀಗಿತ್ತು. ಶನಿವಾರ ಇಳಿದು ಸಾಲ್ಟ್ ಲೇಕ್ ಕಣಿವೆಯಲ್ಲೇ ನಾಲ್ಕು ರಾತ್ರಿ. ಬೆಟ್ಟದ ಮೇಲಿನ ಹೋಟೆಲಿಗಿಂತ ನಗರದಂಚಿನ ಮನೆ ತುಂಬಾ ಅಗ್ಗ. ಅದಕ್ಕಿಂತ ಮುಖ್ಯವಾಗಿ ಒಂದು ಕಣಿವೆ ಮುಚ್ಚಿದರೆ ಇನ್ನೊಂದಕ್ಕೆ ತಿರುಗಬಹುದು: ಲಿಟಲ್ ಕಾಟನ್‌ವುಡ್ ಮುಚ್ಚಿದರೆ ಬ್ರೈಟನ್, ಸಾಲಿಟ್ಯೂಡ್ ಇರುವ ಬಿಗ್ ಕಾಟನ್‌ವುಡ್, ಅದೂ ಇಲ್ಲವೆಂದರೆ ಹೆದ್ದಾರಿ 80 ಹಿಡಿದು ಪಾರ್ಕ್ ಸಿಟಿಯ ಮಗ್ಗುಲು. ಭಾನುವಾರ ಸಾಲಿಟ್ಯೂಡ್, ಸೋಮವಾರ ಆಲ್ಟಾ, ಮಂಗಳವಾರ ಖಾಲಿ. ಆ ಖಾಲಿ ದಿನ ಸೋಮಾರಿತನಕ್ಕಲ್ಲ, ಬಿರುಗಾಳಿ ಯಾವ ದಿನವನ್ನು ನುಂಗಿದರೂ ಅದರ ಬದಲಿಗೆ. ಬುಧವಾರ ಹಗಲಿನಲ್ಲಿ ಜಾಕ್ಸನ್‌ಗೆ ಪ್ರಯಾಣ, ಗುರುವಾರ ಶುಕ್ರವಾರ ಅಲ್ಲಿ ಸ್ಕೀ, ಶನಿವಾರ ಬೆಳಕಿರುವಾಗಲೇ ವಾಪಸು ಹೊರಟು ರಾತ್ರಿ ವಿಮಾನ ನಿಲ್ದಾಣದ ಬಳಿ ವಸತಿ, ಭಾನುವಾರ ಹಾರುವುದು.

ಜಾಕ್ಸನ್‌ಗೆ ಹೋಗಲು ಎರಡು ಬಾಗಿಲುಗಳಿವೆ. ಇಡಾಹೊದ ವಿಕ್ಟರ್ ಊರಿನಿಂದ ಟೀಟನ್ ಘಟ್ಟ ಹತ್ತುವುದು ಒಂದು. 8,431 ಅಡಿ ಎತ್ತರ, ಶೇ 10ರ ಇಳಿಜಾರು, ಬೆಳಗಿನ ಜಾವ ಹಿಮ ಕೆಡವಲು ಮುಚ್ಚುವುದುಂಟು. ಇನ್ನೊಂದು ಸ್ವಾನ್ ವ್ಯಾಲಿ, ಆಲ್ಪೈನ್ ಮೂಲಕ ಸ್ನೇಕ್ ನದಿಯ ಕಣಿವೆ ಹಿಡಿಯುವುದು. ಸ್ವಲ್ಪ ಸುತ್ತು, ಆದರೆ ತಗ್ಗಿನ ದಾರಿ. ಹೊಸಬರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಇಡಾಹೊದ ಹೆಸರು ಬಂದಾಗ ಸನ್ ವ್ಯಾಲಿಯ ಕಥೆ ಹೇಳದೆ ಇರಲಾರೆ. 1936ರಲ್ಲಿ ಯೂನಿಯನ್ ಪೆಸಿಫಿಕ್ ರೈಲ್ವೆ ಅಲ್ಲೊಂದು ಸ್ಕೀ ಊರು ಕಟ್ಟಿತು. ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವುದು ಹೇಗೆಂಬ ಪ್ರಶ್ನೆಗೆ ರೈಲ್ವೆಯ ಎಂಜಿನಿಯರ್ ಜಿಮ್ ಕರನ್ ಉತ್ತರ ಹುಡುಕಿದ್ದು ಬಾಳೆಹಣ್ಣಿನಲ್ಲಿ. ಗೊನೆಗಳನ್ನು ಕೊಕ್ಕೆಗೆ ನೇತುಹಾಕಿ ಹಡಗಿಗೆ ಸಾಗಿಸುವ ತಂತಿಯ ಏರ್ಪಾಡನ್ನು ಆತ ಬಲ್ಲವನಾಗಿದ್ದ. ಕೊಕ್ಕೆಯ ಜಾಗದಲ್ಲಿ ಕುರ್ಚಿ ಇಟ್ಟ. ಲೋಕದ ಮೊದಲ ಚೇರ್‌ಲಿಫ್ಟ್ ಹುಟ್ಟಿದ್ದು ಹಾಗೆ. ಇಂದಿಗೂ ಲಿಫ್ಟಿನ ಕುರ್ಚಿ ಹಿಂದಿನಿಂದ ಬಂದು ಮೊಣಕಾಲಿಗೆ ತಾಗಿ ಎತ್ತಿಕೊಂಡಾಗ ನನಗೆ ಬಾಳೆಗೊನೆಯೇ ನೆನಪಾಗುತ್ತದೆ.

ಎತ್ತರ, ಕುಕ್ಕರು, ಮೊದಲ ಪಾಠ

ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಆಲ್ಟಾದಲ್ಲಿ ಲಿಫ್ಟ್ ಹತ್ತುವ ಬುಡವೇ 2,600 ಮೀಟರ್. ಕೊಲರಾಡೊದ ಬ್ರೆಕನ್‌ರಿಜ್ ಊರಿನಲ್ಲಿ ಮಲಗುವುದೆಂದರೆ 2,900 ಮೀಟರಿನಲ್ಲಿ ಮಲಗುವುದು. 2,500 ಮೀಟರ್ ದಾಟಿದ ಮೇಲೆ ತಲೆನೋವು, ಹೊಟ್ಟೆ ತೊಳಸುವುದು, ನಿದ್ದೆ ಬಾರದಿರುವುದು ಅನೇಕರಿಗೆ ಮಾಮೂಲು. ದೇಹ ಲೆಕ್ಕ ಇಡುವುದು ಮುಖ್ಯವಾಗಿ ಎಷ್ಟು ಎತ್ತರದಲ್ಲಿ ಮಲಗಿದಿರಿ ಎಂಬುದನ್ನು. ಹಗಲು ಮೇಲೆ ಆಡಿ ರಾತ್ರಿ 1,300 ಮೀಟರಿನ ಸಾಲ್ಟ್ ಲೇಕ್‌ಗೆ ಇಳಿದುಬರುವ ಯೋಜನೆ ಇದಕ್ಕೂ ಒಳ್ಳೆಯದು. ಮೊದಲ ಎರಡು ದಿನ ನೀರು ಹೆಚ್ಚು ಕುಡಿಯಿರಿ, ಮದ್ಯ ದೂರವಿಡಿ. ತಲೆನೋವು ಹೆಚ್ಚುತ್ತಲೇ ಹೋಗಿ ನಡೆಯುವಾಗ ತೂರಾಡುವಂತಾದರೆ ಕಾಯದೆ ಕೆಳಗಿಳಿದು ವೈದ್ಯರನ್ನು ಕಾಣಿರಿ.

ಎತ್ತರದ ಊರಿನಲ್ಲಿ ಅಡುಗೆಮನೆಯಿರುವ ಮನೆ ಹಿಡಿಯುವವರು ಸಣ್ಣ ಪ್ರೆಷರ್ ಕುಕ್ಕರ್ ತನ್ನಿ. 2,600 ಮೀಟರಿನಲ್ಲಿ ನೀರು 91 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಗಂಟೆಗಟ್ಟಲೆ ಕುದಿದರೂ ಒಳಗೆ ಕಾಳು ಕಾಳಾಗಿಯೇ ಉಳಿಯುತ್ತದೆ. ಬೆಟ್ಟದ ಮೇಲಿನ ಕ್ಯಾಂಟೀನಿನಲ್ಲಿ ಸಸ್ಯಾಹಾರಿಗೆ ಸಿಗುವುದು ಆಲೂಗಡ್ಡೆ, ಸೂಪು, ಚೀಸು. ನಾವು ಚಿತ್ರಾನ್ನದ ಡಬ್ಬಿಯನ್ನು ಲಾಕರಿನಲ್ಲಿಟ್ಟು ಹೋಗುತ್ತೇವೆ.

ಒಮ್ಮೆಯೂ ಸ್ಕೀ ಕಟ್ಟದವರು ಇಂಥ ಸುತ್ತಾಟಕ್ಕೆ ಹೊರಡುವುದು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅವರಿಗೆ ಬೇಕಾದದ್ದು ಒಂದೇ ಬೆಟ್ಟ, ಮೂರು ದಿನ, ಒಬ್ಬ ಶಿಕ್ಷಕ. ಹಸಿರು ವೃತ್ತದ ದಾರಿಗಳಲ್ಲಿ ನಿಲ್ಲಲು, ತಿರುಗಲು ಬಂದ ಮೇಲೆ ನೀಲಿ ಚೌಕ. ಕಪ್ಪು ವಜ್ರದ ಗುರುತಿನ ಕಡೆ ಮುಂದಿನ ವರ್ಷ ನೋಡಿದರಾಯಿತು. ಒಂದೂರಿನ ನೀಲಿ ಇನ್ನೊಂದೂರಿನ ಕಪ್ಪಿಗೆ ಸಮನಾಗಿರಬಹುದು, ಆ ಗುರುತುಗಳು ಆಯಾ ಬೆಟ್ಟದ ಒಳಗಿನ ಹೋಲಿಕೆ ಮಾತ್ರ. ಜಾಕ್ಸನ್ ಹೋಲ್‌ನ ನೀಲಿ ಅನೇಕರನ್ನು ಕಂಗೆಡಿಸಿದೆ. ಬೂಟು, ಸ್ಕೀಗಳನ್ನು ನಗರದ ಅಂಗಡಿಯಲ್ಲಿ ಹಿಂದಿನ ಸಂಜೆಯೇ ಬಾಡಿಗೆಗೆ ಪಡೆಯಿರಿ, ಬೂಟಿನೊಳಗೆ ಒಂದೇ ತೆಳು ಕಾಲುಚೀಲ. ಎರಡು ಜೊತೆ ಹಾಕಿದರೆ ರಕ್ತ ಓಡದೆ ಬೆರಳು ಇನ್ನೂ ತಣ್ಣಗಾಗುತ್ತದೆ. ಹತ್ತಿಯ ಬಟ್ಟೆ, ಜೀನ್ಸ್ ಬೇಡ.

ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಜೊತೆಗೆ ಕರೆತರುವವರು ಅವರ ವಿಮೆಯ ಕಾಗದ ತೆಗೆದು ಓದಿ. ಪ್ರವಾಸಿಗರಿಗೆ ಮಾರುವ ಅನೇಕ ವಿಮೆಗಳು ಸ್ಕೀಯಿಂಗನ್ನು ಹೊರಗಿಟ್ಟಿರುತ್ತವೆ. ಅವರಿಗೆ ತಂತಿಯ ಮೇಲೆ ಸಾಗುವ ಮುಚ್ಚಿದ ಪೆಟ್ಟಿಗೆಯಾದ ಗೊಂಡೊಲದಲ್ಲಿ ಕೂತು ಮೇಲೆ ಹೋಗಿ, ಬಿಸಿ ಚಾಕೊಲೇಟ್ ಕುಡಿದು, ಅದರಲ್ಲೇ ಇಳಿದುಬರುವ ಟಿಕೆಟ್ ಎಷ್ಟೋ ಕಡೆ ಸಿಗುತ್ತದೆ.

ರೆಸಾರ್ಟಿನ ಹಗ್ಗದ ಗಡಿ ದಾಟಬೇಡಿ ಎಂಬುದನ್ನು ಮಾತ್ರ ಕೈಮುಗಿದು ಹೇಳುತ್ತೇನೆ. ಹಗ್ಗದೊಳಗಿನ ಇಳಿಜಾರನ್ನು ಗಸ್ತಿನವರು ಬೆಳಗ್ಗೆಯೇ ಪರೀಕ್ಷಿಸಿರುತ್ತಾರೆ. ಹೊರಗಿನದು ಅಷ್ಟೇ ಬಿಳಿ, ಅಷ್ಟೇ ಚೆಂದ, ಯಾರೂ ನೋಡಿರುವುದಿಲ್ಲ. ಯೂಟಾದಲ್ಲೂ ಕೊಲರಾಡೊದಲ್ಲೂ ಹಿಮಕುಸಿತ ಕೇಂದ್ರಗಳು ಚಳಿಗಾಲದಲ್ಲಿ ಪ್ರತಿದಿನ ಅಪಾಯವನ್ನು ಒಂದರಿಂದ ಐದರ ತನಕ ಅಳೆದು ಪ್ರಕಟಿಸುತ್ತವೆ. ಗಡಿ ದಾಟದವರೂ ಅದನ್ನು ಓದುವುದು ಒಳ್ಳೆಯದು, ಆ ಅಂಕಿ ನಾಲ್ಕಾದ ದಿನ ರಸ್ತೆಯೂ ಮುಚ್ಚುವ ಸಂಭವ ಹೆಚ್ಚು.

ಚಿಕ್ಕಪ್ಪನ ಮಗ ಫೆಬ್ರವರಿಯಲ್ಲಿ ಬಂದ. ಮಂಗಳವಾರ ರಾತ್ರಿ ಊಟವಾದ ಮೇಲೆ ಮೇಜಿನ ಮೇಲೆ ಮೊಬೈಲ್ ಇಟ್ಟುಕೊಂಡು ನಾಲ್ವರೂ ವಯೋಮಿಂಗ್ ರಸ್ತೆ ಇಲಾಖೆಯ ಕ್ಯಾಮೆರಾ ನೋಡುತ್ತಾ ಕುಳಿತರು. ಟೀಟನ್ ಘಟ್ಟದ ನೆತ್ತಿಯಲ್ಲಿ ದೀಪದ ಬೆಳಕಿಗೆ ಹಿಮ ಅಡ್ಡಡ್ಡ ಹಾರುತ್ತಿತ್ತು, ರಸ್ತೆಯ ಗೆರೆಯೇ ಕಾಣುತ್ತಿರಲಿಲ್ಲ. ಆಲ್ಪೈನ್ ಕಡೆಯ ಕ್ಯಾಮೆರಾದಲ್ಲಿ ಟಾರು ಕಪ್ಪಗೆ ಕಾಣುತ್ತಿತ್ತು. "ಬೆಳಗ್ಗೆ ಏಳಕ್ಕೆ ಇನ್ನೊಮ್ಮೆ ನೋಡೋಣ, ಎಂಟಕ್ಕೆ ಹೊರಡೋಣ" ಎಂದು ಅವನೇ ಹೇಳಿ, ವೈಪರ್‌ಗಳನ್ನು ಎತ್ತಿಡಲು ಹೊರಗೆ ಹೋದ.